ಎಲ್ಲರೂ ಫಸ್ಟ್ ಕ್ಲಾಸ್ ಹತ್ತಿದರೆ

ಮುಂಬೈಯ ಅಂಧೇರಿಯಲ್ಲಿ ಒಂದು ಆಫೀಸು. ಮ್ಯಾನೇಜರ್ ಕಾರ್ಕಳದವರು. "ಮಾರಾಯ್ರೇ, ಲೈನ್ 10 ಎಂಬಿಪಿಎಸ್ ಇದ್ದದ್ದನ್ನು 20 ಮಾಡಿದ್ದೇವೆ. ಆದ್ರೂ ಫೋನಲ್ಲಿ ದನಿ ತುಂಡು ತುಂಡಾಗಿ ಬರ್ತದೆ" ಅಂದರು. ಅದೂ ದಿನವಿಡೀ ಅಲ್ಲ, ಬೆಳಿಗ್ಗೆ 11ರ ಮೇಲೆ.

ಲ್ಯಾಪ್‌ಟಾಪ್ ಜೋಡಿಸಿ, ಡೇಟಾ ಹೊತ್ತೊಯ್ಯುವ ಸಣ್ಣ ಕಟ್ಟುಗಳಾದ ಪ್ಯಾಕೆಟ್‌ಗಳನ್ನು ನೋಡುತ್ತಾ ಕೂತೆ. ಪ್ರತಿ ಐಪಿ ಪ್ಯಾಕೆಟ್‌ನ ಹೆಡರ್‌ನಲ್ಲಿ ಡಿಎಸ್‌ಸಿಪಿ ಅಂತ 6 ಬಿಟ್‌ನ ಒಂದು ಗುರುತು ಇರುತ್ತದೆ. ಮಾಮೂಲಿ ಡೇಟಾಗೆ 0, ದನಿಗೆ 46. 46 ಕಂಡರೆ ರೂಟರ್ ಅದನ್ನು ಸಾಲಿನ ಮುಂದಕ್ಕೆ ಬಿಡುತ್ತದೆ. ಫೋನುಗಳು ಸರಿಯಾಗಿಯೇ 46 ಹಾಕುತ್ತಿದ್ದವು. ನೋಡಿದರೆ ಸಿಸಿಟಿವಿ ರೆಕಾರ್ಡರ್ ಕೂಡ 46! ದಿನಾ 11ಕ್ಕೆ ಅದು ಹಿಂದಿನ ದಿನದ ವಿಡಿಯೋವನ್ನು ಪುಣೆಯ ಸರ್ವರ್‌ಗೆ ಕಳಿಸಲು ಶುರು ಮಾಡುತ್ತಿತ್ತು.

ಜಿ.711 ಅನ್ನುವುದು ದನಿಯನ್ನು ಡೇಟಾ ಮಾಡುವ ಒಂದು ವಿಧಾನ. ಅದರಲ್ಲಿ ಒಂದು ಕರೆ ಅಂದರೆ ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್, ತಲಾ 200 ಬೈಟ್. ಲೆಕ್ಕ ಹಾಕಿದರೆ 80 ಕೆಬಿಪಿಎಸ್. 30 ಜನ ಒಟ್ಟಿಗೆ ಮಾತಾಡಿದರೂ 2.4 ಎಂಬಿಪಿಎಸ್ ದಾಟುವುದಿಲ್ಲ. ರೂಟರ್‌ನಲ್ಲಿ ದನಿಯ ಕ್ಲಾಸ್‌ಗೆ, ಅಂದರೆ 46ರ ಗುರುತಿನ ಗುಂಪಿಗೆ, 4 ಎಂಬಿಪಿಎಸ್ ಮಿತಿ ಇಟ್ಟಿದ್ದರು, ಮೀರಿದ್ದನ್ನು ಬಿಸಾಕು ಅಂತ. ಆ ಮಿತಿ ತಪ್ಪಲ್ಲ. ಅದಿಲ್ಲದಿದ್ದರೆ ಉಳಿದ ಕ್ಲಾಸ್‌ಗಳಿಗೆ ಉಪವಾಸವೇ ಗತಿ. ಆದರೆ ವಿಡಿಯೋ ನುಗ್ಗಿದ ಮೇಲೆ ಆ 4 ಭರ್ತಿ. ರೂಟರ್‌ಗೆ ಕಾಣುವುದು ಗುರುತು ಮಾತ್ರ, ಒಳಗಿರುವುದು ದನಿಯೋ ಸಿಸಿಟಿವಿಯೋ ಅದಕ್ಕೇನು ಗೊತ್ತು? ಎರಡನ್ನೂ ಬಿಸಾಕಿತು. ವಿಡಿಯೋ ಫೈಲ್ ಇನ್ನೊಮ್ಮೆ ಹೋಗಿ ಸರಿಹೋಗುತ್ತದೆ. ಮಾತು ಹಾಗಲ್ಲ. ಅರ್ಧ ಸೆಕೆಂಡ್ ತಡವಾಗಿ ಬಂದ "ಹಲೋ" ಯಾರಿಗೆ ಬೇಕು?

ಮಧ್ಯಾಹ್ನದ ಲೋಕಲ್‌ನಲ್ಲಿ ಯಾವ ಡಬ್ಬಿ ಹತ್ತಿದರೂ ಆರಾಮ. ಫಸ್ಟ್ ಕ್ಲಾಸ್ ಪಾಸ್‌ಗೆ ಬೆಲೆ ಬರುವುದು ಬೆಳಿಗ್ಗೆ ಎಂಟೂವರೆಗೆ, ಡೊಂಬಿವಲಿಯಲ್ಲಿ. ಪಾಸ್ ಇಲ್ಲದವರೂ ಅದಕ್ಕೇ ನುಗ್ಗಿದರೆ ಉಳಿಯುವುದು ಕುಶನ್ ಮಾತ್ರ. ಲೈನ್ ಡಬಲ್ ಮಾಡಿಸಿದ್ದು ಇಲ್ಲಿ ಸುಮ್ನೆ ದುಡ್ಡು ದಂಡ, ಯಾಕೆಂದರೆ ಜಗಳ ಇದ್ದದ್ದು ಆ 4ರ ಒಳಗೆ.

ರಿಪೇರಿ ಹತ್ತೇ ನಿಮಿಷದ್ದು. ರೆಕಾರ್ಡರ್ ಏನೇ ಗುರುತು ಹಾಕಿದರೂ ನಂಬಬೇಡ, 0 ಮಾಡು ಅಂತ ನೆಟ್‌ವರ್ಕ್ ಸ್ವಿಚ್‌ಗೆ ಹೇಳಿದೆ. ದನಿ ಸರಿಯಾಯಿತು.

"ಮೊಬೈಲಲ್ಲೂ ಹೀಗೇ ಉಂಟಾ? ಸಂಜೆ ಸ್ಟೇಷನ್‌ನಿಂದ ಅಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿದ್ರೆ ಬರೇ ಕಟ್ ಕಟ್" ಅಂದರು ಮ್ಯಾನೇಜರ್. ಉಂಟು. 4ಜಿಯಲ್ಲಿ ಕ್ಲಾಸ್‌ಗೆ ಕ್ಯೂಸಿಐ ಅನ್ನುತ್ತಾರೆ. ವೋಲ್ಟೆ, ಅಂದರೆ 4ಜಿಯಲ್ಲಿ ಹೋಗುವ ಸಾದಾ ಕರೆಗೆ ಕ್ಯೂಸಿಐ 1. ಅದಕ್ಕೆ ಇಂತಿಷ್ಟು ವೇಗ ಗ್ಯಾರಂಟಿ, 100 ಮಿಲಿಸೆಕೆಂಡ್‌ನ ಗಡುವು. ವಾಟ್ಸ್‌ಆ್ಯಪ್ ಕರೆ ಹೋಗುವುದು ಮಾಮೂಲಿ ಡೇಟಾದ ಜೊತೆ, ಹೆಚ್ಚಾಗಿ ಕ್ಯೂಸಿಐ 9ರಲ್ಲಿ. ಅಲ್ಲಿ ಗಡುವು 300, ಗ್ಯಾರಂಟಿ ಇಲ್ಲ. ಪ್ಲಾಟ್‌ಫಾರಂ ತುಂಬ ರೀಲ್ಸ್ ನೋಡುವವರು ಇರುವುದೂ ಅದೇ ಡಬ್ಬಿಯಲ್ಲಿ ಅಲ್ವಾ.

"ರಶ್ ಹೊತ್ತಲ್ಲಿ ಸಾದಾ ಕಾಲ್ ಮಾಡಿ" ಅಂದೆ.

"ಅಮ್ಮನಿಗೆ ಮುಖ ಕಾಣ್ಬೇಕಲ್ಲ" ಅಂದರು.

ಅದಕ್ಕೆ ನನ್ನ ಹತ್ತಿರ ಸೆಟ್ಟಿಂಗ್ ಇರಲಿಲ್ಲ.