ನವೆಂಬರ್‌ನಲ್ಲೂ ಹಸಿರಾಗಿರುವ ಪೊದೆಗಳು

ನವೆಂಬರ್ ಮೊದಲ ವಾರ ಅಮೆರಿಕದ ಈಶಾನ್ಯ ರಾಜ್ಯಗಳ ಕಾಡಿಗೆ ಕಾಲಿಟ್ಟರೆ ಮೇಪಲ್, ಬರ್ಚ್ ಮರಗಳು ಬೋಳಾಗಿ ನಿಂತಿರುತ್ತವೆ. ಅವುಗಳ ಕೆಳಗೆ ಆಳೆತ್ತರದ ಕೆಲವು ಪೊದೆಗಳು ಮಾತ್ರ ಇನ್ನೂ ಹಸಿರು. ನೋಡಲು ಚೆಂದವೇ. ಆದರೆ ಅನುಮಾನ ಶುರುವಾಗಬೇಕಾದ್ದೂ ಅಲ್ಲೇ. ಹೊರನಾಡಿನಿಂದ ಬಂದ ಬಕ್‌ಥಾರ್ನ್, ಹನಿಸಕಲ್ ಪೊದೆಗಳು ಅಲ್ಲಿನ ಗಿಡಗಳಿಗಿಂತ ಮೊದಲೇ ಚಿಗುರುತ್ತವೆ, ತಡವಾಗಿ ಎಲೆ ಉದುರಿಸುತ್ತವೆ. ಅಷ್ಟು ದಿನದ ಬಿಸಿಲು ಪೂರ್ತಿ ಅವಕ್ಕೇ. ವಸಂತದಲ್ಲಿ ನೆಲದಲ್ಲಿ ಹೂ ಬಿಡುವ ಟ್ರಿಲಿಯಂನಂಥ ಗಿಡಗಳಿಗೆ ಸಿಗುವುದು ನೆರಳು.

ಹತ್ತಿರ ಹೋಗಿ ಟೊಂಗೆಯ ತುದಿ ನೋಡಿ. ಎರಡು ಮೊಗ್ಗುಗಳ ನಡುವೆ ಒಂದು ಗಿಡ್ಡ ಮುಳ್ಳು ಇದೆಯೇ? ಎಲೆಯ ನರಗಳು ತುದಿಯ ಕಡೆಗೆ ಬಾಗಿವೆಯೇ? ತೊಗಟೆಯನ್ನು ಉಗುರಿನಲ್ಲಿ ಕೆರೆದರೆ ಒಳಗೆ ಕಿತ್ತಳೆ ಬಣ್ಣವೇ? ಮೂರೂ ಹೌದಾದರೆ ಅದು ಯುರೋಪಿನ ಬಕ್‌ಥಾರ್ನ್. ಹನಿಸಕಲ್‌ಗೆ ಬೇರೆ ಪರೀಕ್ಷೆ. ಒಂದು ಕಡ್ಡಿ ಮುರಿಯಿರಿ, ತೀರಾ ಎಳೆಯದು ಬೇಡ. ನಡುವೆ ಸ್ಟ್ರಾ ಥರ ಟೊಳ್ಳಿದ್ದರೆ ಅದು ಹೊರಗಿನದು. ಅಲ್ಲೇ ಹುಟ್ಟಿ ಬೆಳೆದ ಹನಿಸಕಲ್‌ನಲ್ಲಿ ಗಟ್ಟಿಯಾದ ಬಿಳಿ ತಿರುಳು ತುಂಬಿರುತ್ತದೆ.

ಜಪಾನಿ ಬಾರ್ಬೆರಿಯ ಕಡ್ಡಿ ಕೆರೆದಾಗ ಮಾತ್ರ ನಮ್ಮವರಿಗೆ ಅರಿಶಿನವೇ ನೆನಪಾಗುತ್ತದೆ, ಅಷ್ಟು ಹಳದಿ. ಬರ್ಬೆರಿನ್ ಎಂಬ ವಸ್ತುವಿನ ಬಣ್ಣ ಅದು. ಆಯುರ್ವೇದದ ದಾರುಹರಿದ್ರ ಕೂಡ ಇದೇ ಕುಲದ ಗಿಡ. 1875ರಲ್ಲಿ ರಷ್ಯಾದಿಂದ ಬಾಸ್ಟನ್‌ನ ಆರ್ನಾಲ್ಡ್ ಸಸ್ಯೋದ್ಯಾನಕ್ಕೆ ಇದರ ಬೀಜ ಬಂತು. ಅಂಗಳದ ಅಲಂಕಾರಕ್ಕೆಂದು ಬೆಳೆಸಿದರು, ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ದಟ್ಟವಾದ ಈ ಮುಳ್ಳುಪೊದೆಯೊಳಗೆ ತೇವ ಆರುವುದಿಲ್ಲ. ಲೈಮ್ ಎಂಬ ಸೋಂಕಿನ ಕಾಯಿಲೆ ಹರಡುವ ಉಣ್ಣಿಗಳಿಗೆ ಬೇಕಾದ್ದು ಅದೇ. ಬರಿಗಾಲಲ್ಲಿ, ಚಡ್ಡಿಯಲ್ಲಿ ಅದರೊಳಗೆ ದಯವಿಟ್ಟು ನುಗ್ಗಬೇಡಿ.

ಹೊಲದ ಅಂಚಿಗೆ ಬಂದರೆ ಆಟಮ್ ಆಲಿವ್ ಎಂಬ ಇನ್ನೊಂದು ಹೊರಗಿನ ಪೊದೆ ಸಿಗುತ್ತದೆ. ಎಲೆ ತಿರುಗಿಸಿದರೆ ಬೆಳ್ಳಿ ಬಣ್ಣ, ಕೆಂಪು ಹಣ್ಣಿನ ಮೇಲೂ ಬೆಳ್ಳಿ ಚುಕ್ಕೆ. ಪಕ್ಕದಲ್ಲೇ ಮಲ್ಟಿಫ್ಲೋರಾ ಗುಲಾಬಿ ಇರಬಹುದು. ಎಲೆ ಕಾಂಡಕ್ಕೆ ಅಂಟುವ ಕಡೆ ಕುಚ್ಚಿನಂಥ ಎಳೆಗಳಿದ್ದರೆ ಅದೇ. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲಿ, ಜೀವಂತ ಬೇಲಿಯೂ ಆಗಲಿ ಎಂದು ಅಲ್ಲಿನ ಸರ್ಕಾರವೇ ರೈತರಿಗೆ ಇದನ್ನು ನೆಡಲು ಹೇಳಿತ್ತು. ಮಾತು ಕೇಳಿ ನೆಟ್ಟವರದು ತಪ್ಪು ಅನ್ನಲಾಗದು ಅಲ್ವಾ?

ಗುರುತು ಸಿಕ್ಕಿದ ಪೊದೆಗೆ ಒಂದು ಬಣ್ಣದ ಪಟ್ಟಿ ಕಟ್ಟಿ ಬನ್ನಿ. ಎಳೆ ಗಿಡವಾದರೆ ಮಣ್ಣು ಹಸಿಯಾಗಿರುವಾಗ ಬೇರು ಸಮೇತ ಕೀಳಬಹುದು. ದೊಡ್ಡದನ್ನು ಸುಮ್ನೆ ಕಡಿದು ಬಿಟ್ಟರೆ ಬುಡದಿಂದ ಇನ್ನೂ ಜಾಸ್ತಿ ಚಿಗುರುತ್ತದೆ.