ಹಳೇ 486ಕ್ಕೆ ದುಡ್ಡು ಹಾಕಿದರೆ ಬೆಲೆ ಏರುತ್ತಾ?

ಓದುಗರ ಪ್ರಶ್ನೆ: ತೊಂಬತ್ತರ ದಶಕದಲ್ಲಿ ನಮ್ಮ ತಂದೆ ಡಿಟಿಪಿ ಸೆಂಟರ್ ನಡೆಸುತ್ತಿದ್ದರು. ಆಗಿನ ಒಂದು 486 ಪ್ರೊಸೆಸರಿನ ಕಂಪ್ಯೂಟರ್ ಅಟ್ಟದ ಮೇಲಿದೆ. ಗುಜರಿಯವರು ತೂಕಕ್ಕೆ ಕೇಳುತ್ತಿದ್ದಾರೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಇಂಥವಕ್ಕೆ ದೊಡ್ಡ ದೊಡ್ಡ ಬೆಲೆ ಹಾಕಿರುತ್ತಾರೆ. ರ್‍ಯಾಮ್, ಪ್ರೊಸೆಸರ್ ಎಲ್ಲ ಅಪ್‌ಗ್ರೇಡ್ ಮಾಡಿಸಿ ಮಾರಿದರೆ ಒಳ್ಳೇ ದುಡ್ಡು ಬರಬಹುದಾ?

ಬರುವುದು ಕಷ್ಟ. ರಿಪೇರಿಗೆ ಹಾಕಿದ ದುಡ್ಡು ಅಷ್ಟೋ ಇಷ್ಟೋ ವಾಪಸ್ ಬರುತ್ತದೆ. ಅಪ್‌ಗ್ರೇಡಿಗೆ ಹಾಕಿದ್ದು ಹೆಚ್ಚಾಗಿ ನಿಮ್ಮ ಸಂತೋಷಕ್ಕೆ ಅಷ್ಟೇ. 486 ಹುಡುಕಿಕೊಂಡು ಬರುವವರಿಗೆ ವೇಗ ಬೇಕಿಲ್ಲ, ಅದು ಅವರ ಜೇಬಿನ ಫೋನಿನಲ್ಲೇ ಇದೆ. ಅವರಿಗೆ ಬೇಕಿರುವುದು 1993ರಲ್ಲಿ ಅಂಗಡಿಯಿಂದ ಹೇಗೆ ಬಂದಿತ್ತೋ ಹಾಗೇ ಇರುವ, ಗುಂಡಿ ಒತ್ತಿದರೆ ಆ ಕಾಲದ ಆಪರೇಟಿಂಗ್ ಸಿಸ್ಟಮ್ ಡಾಸ್ ತೋರಿಸುವ ಯಂತ್ರ.

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 1976ರಲ್ಲಿ 666.66 ಡಾಲರಿಗೆ ಮಾರಿದ ಆಪಲ್-1 ತಯಾರಾಗಿದ್ದು ಸುಮಾರು 200 ಮಾತ್ರ. ಅದಕ್ಕೇ 2014ರ ಒಂದು ಹರಾಜಿನಲ್ಲಿ ಒಂದಕ್ಕೆ 9,05,000 ಡಾಲರ್ ಬಂತು. ಇಂಟೆಲ್ 486 ಬಂದಿದ್ದು 1989ರಲ್ಲಿ. ಅದು ಊರೂರಿನ ಆಫೀಸು, ಬ್ಯಾಂಕು, ಡಿಟಿಪಿ ಸೆಂಟರುಗಳಿಗೆಲ್ಲ ಹೋಗಿತ್ತು. ಇನ್ನು ನೀವು ನೋಡಿದ ದೊಡ್ಡ ಬೆಲೆ ಮಾರುವವರು ಹೇಳಿದ್ದು, ಯಾರೂ ಕೊಟ್ಟಿದ್ದಲ್ಲ. ಇಬೇಯಲ್ಲಿ ‘ಮಾರಾಟವಾದವು’ ಅಂತ ಫಿಲ್ಟರ್ ಹಾಕಿ ನೋಡಿ, ಚಿತ್ರವೇ ಬೇರೆ. ಅದೂ ಅಮೆರಿಕ, ಯುರೋಪಿನ ಲೆಕ್ಕ. ಇಲ್ಲಿ ಕೊಳ್ಳುವವರು ಕಡಿಮೆ, ಹೊರಗೆ ಕಳಿಸೋಣವೆಂದರೆ ಸಾಗಣೆ ಖರ್ಚೇ ಯಂತ್ರದ ಬೆಲೆ ದಾಟೀತು.

ನಿಮ್ಮದು ಅಸೆಂಬಲ್ ಮಾಡಿಸಿದ್ದಾದರೆ ಬೆಲೆಯನ್ನು ಬಿಡಿಬಿಡಿಯಾಗಿ ಕಟ್ಟಬೇಕು. ಆಗಿನ ಸೌಂಡ್ ಬ್ಲಾಸ್ಟರ್ ಧ್ವನಿ ಕಾರ್ಡ್, ವೆಸಾ ಲೋಕಲ್ ಬಸ್ ಎಂಬ ಉದ್ದನೆಯ ಸ್ಲಾಟಿನ ಗ್ರಾಫಿಕ್ಸ್ ಕಾರ್ಡ್, ಟಕಟಕ ಎನ್ನುವ ಮೆಕ್ಯಾನಿಕಲ್ ಕೀಬೋರ್ಡ್ ಇದ್ದರೆ ಅವಕ್ಕೇ ಗಿರಾಕಿಗಳಿದ್ದಾರೆ. ವಿಪ್ರೋ, ಎಚ್‌ಸಿಎಲ್ ಥರದ ನಮ್ಮ ಬ್ರ್ಯಾಂಡಿನ ಯಂತ್ರವಾದರೆ ಬಿಡಿಸಲೇಬೇಡಿ. ಕೀಬೋರ್ಡು, ಕೈಪಿಡಿ, ಬಿಲ್ಲು ಏನಿದೆಯೋ ಎಲ್ಲ ಒಟ್ಟಿಗೇ ಇರಲಿ. ಗುಜರಿಯವರಿಗೆ ಬೇಕಿರುವುದು ಸೆರಾಮಿಕ್ ಪ್ರೊಸೆಸರಿನ ಪಿನ್ನುಗಳಿಗೆ ಹಚ್ಚಿರುವ ಚಿನ್ನ. ಅವರ ತಕ್ಕಡಿಗೆ ಹಾಕುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ಒಂದು ಸಲ ನೋಡಿ.

ಡಿಟಿಪಿ ಸೆಂಟರಿನ ಯಂತ್ರ ಅಂದಿರಲ್ಲ, ನನ್ನ ಕಿವಿ ನೆಟ್ಟಗಾಗಿದ್ದು ಅಲ್ಲೇ. ಒಳಗೆ ಒಂದು ಉದ್ದನೆಯ ಕಾರ್ಡ್ ಇದ್ದು, ಅದರ ಮೇಲೆ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಹೆಸರೋ ಜಿಸ್ಟ್ ಎಂದೋ ಬರೆದಿದ್ದರೆ ಜೋಪಾನ. ಯೂನಿಕೋಡ್ ಇನ್ನೂ ನಮ್ಮ ಮನೆಗಳಿಗೆ ಬರದಿದ್ದ ಕಾಲದಲ್ಲಿ ಡಾಸ್ ಪರದೆಯ ಮೇಲೆ ಕನ್ನಡ, ಹಿಂದಿ ಎಲ್ಲ ಮೂಡಿಸುತ್ತಿದ್ದ ಕಾರ್ಡ್ ಅದು. ಕೆಲಸ ಶುರುವಾಗಿದ್ದು ಐಐಟಿ ಕಾನ್ಪುರದಲ್ಲಿ. ಹೊರದೇಶದವರಿಗೆ ಅದು ಏನೂ ಅಲ್ಲದಿರಬಹುದು. ನನ್ನ ಮಟ್ಟಿಗೆ ನಿಮ್ಮ ಇಡೀ ಕಂಪ್ಯೂಟರಿಗಿಂತ ಅದೇ ದೊಡ್ಡದು.

ಹಾಗೇ ಹಿಂದಿನ ಪ್ರಿಂಟರ್ ಪೋರ್ಟಿಗೆ ಬೆಂಕಿಪೊಟ್ಟಣದಂಥದ್ದು ಏನಾದರೂ ಸಿಕ್ಕಿಸಿದೆಯಾ ನೋಡಿ. ಅದು ಡಾಂಗಲ್. ಆಗಿನ ಎಷ್ಟೋ ಡಿಟಿಪಿ ಸಾಫ್ಟ್‌ವೇರ್ ಅದಿಲ್ಲದೆ ತೆರೆಯುತ್ತಲೇ ಇರಲಿಲ್ಲ. ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡುವ ಯೋಚನೆಯಂತೂ ಬೇಡ. ತಂದೆಯವರು ಮಾಡಿದ ಲಗ್ನಪತ್ರಿಕೆ, ಕರಪತ್ರಗಳೆಲ್ಲ ಆ ಕಾಲದ ಫಾಂಟಿನಲ್ಲಿವೆ. ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಸಾಫ್ಟ್‌ವೇರು, ಫಾಂಟು, ಡಾಂಗಲ್ ಮೂರೂ ಇದ್ದರೆ ಮಾತ್ರ ಅದು ಕನ್ನಡ. ಮೊದಲು ಇಡೀ ಡಿಸ್ಕಿನ ಪ್ರತಿ ಮಾಡಿಟ್ಟುಕೊಳ್ಳಿ. ಅಗ್ಗದ ಯುಎಸ್‌ಬಿ ಅಡಾಪ್ಟರುಗಳು ಇಷ್ಟು ಹಳೇ ಡಿಸ್ಕನ್ನು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಐಡಿಇ ಪೋರ್ಟ್ (ಹಳೇ ಹಾರ್ಡ್ ಡಿಸ್ಕ್ ಸಿಕ್ಕಿಸುವ ಜಾಗ) ಇರುವ ಪೆಂಟಿಯಂ ಕಾಲದ ಕಂಪ್ಯೂಟರಿಗೆ ಜೋಡಿಸಿದರೆ ಕೆಲಸ ಸುಲಭ.

ಈಗ ರಿಪೇರಿಗೆ ಬರೋಣ. ದಯವಿಟ್ಟು ಸುಮ್ನೆ ಪ್ಲಗ್ ಹಾಕಿ ಸ್ವಿಚ್ ಒತ್ತಬೇಡಿ.

ಮದರ್‌ಬೋರ್ಡಿನಲ್ಲಿ ಕೀಬೋರ್ಡ್ ಸಿಕ್ಕಿಸುವ ಜಾಗದ ಆಸುಪಾಸಿನಲ್ಲಿ ನೀಲಿಯೋ ಹಸಿರೋ ಬಣ್ಣದ, ಕಿರುಬೆರಳ ತುದಿಯಷ್ಟು ದಪ್ಪದ ಉರುಟು ಬ್ಯಾಟರಿ ಇರಬಹುದು. 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಅದು. 486ಗಳನ್ನು ಅತಿ ಹೆಚ್ಚು ಕೊಂದಿರುವುದು ಇದೇ ಅಂತ ನನ್ನ ಅನಿಸಿಕೆ. ವರ್ಷಗಳು ಕಳೆದಂತೆ ಸೋರಿ, ಸುತ್ತ ಹಸಿರು-ನೀಲಿ ಪುಡಿ ಕಟ್ಟುತ್ತದೆ, ಬೋರ್ಡಿನ ತಾಮ್ರದ ಎಳೆಗಳನ್ನು ತಿನ್ನುತ್ತದೆ. ಕೀಬೋರ್ಡ್ ಕೆಲಸ ಮಾಡುವುದಿಲ್ಲ ಎಂಬ ದೂರು ಎಷ್ಟೋ ಸಲ ಇಲ್ಲಿಂದಲೇ ಶುರು. ಅದನ್ನು ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಬಿಳಿ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ. ಅದೇ ಜಾಗಕ್ಕೆ ಕಾಯಿನ್ ಸೆಲ್ ನೇರವಾಗಿ ಬೆಸೆಯಬೇಡಿ. ಬೋರ್ಡ್ ಅದನ್ನು ಚಾರ್ಜ್ ಮಾಡಲು ನೋಡುತ್ತದೆ, ಸೆಲ್ ಸಿಡಿಯಬಹುದು. ಹೆಚ್ಚಿನ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ ಇರುತ್ತವೆ. ಬೋರ್ಡಿನ ಕೈಪಿಡಿ ನೋಡಿ ಅಲ್ಲಿಗೆ ಸೆಲ್ ಜೋಡಿಸಿ.

ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ಸಿಂದ ಮದರ್‌ಬೋರ್ಡಿಗೆ ಬರುವ ಕನೆಕ್ಟರುಗಳು ಎರಡು, ಪಿ8 ಮತ್ತು ಪಿ9. ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಕಥೆ ಮುಗಿದಂತೆ. ಇನ್ನೊಂದು ವಿಷಯ, ಆ ಕಾಲದ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಪವರ್ ಸ್ವಿಚ್ಚಿಗೆ ನೇರ 230 ವೋಲ್ಟ್ ಬರುತ್ತದೆ. ಪ್ಲಗ್ ಕಿತ್ತೇ ಕೈ ಹಾಕಿ. ಪಿಕ್ಚರ್ ಟ್ಯೂಬಿನ ಮಾನಿಟರನ್ನಂತೂ ತಿಳಿದವರು ಬಿಟ್ಟು ಯಾರೂ ಬಿಚ್ಚಬಾರದು.

ಇಷ್ಟಾದ ಮೇಲೂ ಅಪ್‌ಗ್ರೇಡ್ ಮಾಡಲೇಬೇಕು ಅನಿಸಿದರೆ ನನ್ನ ನಿಯಮ ಒಂದೇ: ವಾಪಸ್ ಮೊದಲಿನಂತೆ ಮಾಡಲು ಬರಬೇಕು, ತೆಗೆದ ಭಾಗವನ್ನು ಚೀಟಿ ಅಂಟಿಸಿ ಎತ್ತಿಡಬೇಕು. ರ್‍ಯಾಮ್ ಸುಲಭ. 72 ಪಿನ್ನಿನದಾದರೆ 486ಕ್ಕೆ ಒಂದೇ ಸಾಕು, 30 ಪಿನ್ನಿನದಾದರೆ ನಾಲ್ಕು ನಾಲ್ಕಾಗಿ ಹಾಕಬೇಕು. ಹಾರ್ಡ್ ಡಿಸ್ಕ್ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡನ್ನು ಅಡಾಪ್ಟರ್ ಮೂಲಕ ಹಾಕಬಹುದು, ಸದ್ದೇ ಇಲ್ಲ. ಕಂಪ್ಯೂಟರನ್ನು ಶುರು ಮಾಡುವ ಆಗಿನ ಎಷ್ಟೋ ಬಯಾಸ್‌ಗಳಿಗೆ 504 ಎಂಬಿ ಮೇಲೆ ಕಾಣುವುದಿಲ್ಲ, ಆದ್ದರಿಂದ ದೊಡ್ಡ ಕಾರ್ಡಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಪ್ರೊಸೆಸರ್ ವಿಷಯದಲ್ಲಿ ಎಚ್ಚರ. 486ರ ಮಾದರಿಗಳಲ್ಲಿ ಡಿಎಕ್ಸ್2-66 ನಡೆಯುವುದು 5 ವೋಲ್ಟಿನಲ್ಲಿ, 1994ರ ಡಿಎಕ್ಸ್4 ಸುಮಾರು 3.3 ವೋಲ್ಟಿನಲ್ಲಿ. 5 ವೋಲ್ಟ್ ಮಾತ್ರ ಕೊಡುವ ಬೋರ್ಡಿಗೆ ಡಿಎಕ್ಸ್4 ನೇರವಾಗಿ ಹಾಕಿದರೆ ಸುಟ್ಟುಹೋದೀತು. ಅಪ್‌ಗ್ರೇಡಿಗೆಂದೇ ಓವರ್‌ಡ್ರೈವ್ ಹೆಸರಿನಲ್ಲಿ ಬಂದ ಡಿಎಕ್ಸ್4ರಲ್ಲಿ ವೋಲ್ಟೇಜ್ ಇಳಿಸುವ ವ್ಯವಸ್ಥೆ ಅದರಲ್ಲೇ ಇದೆ.

ಕ್ಯಾಬಿನೆಟ್ ಮುಂದೆ 66 ಅಂತ ಹೊಳೆಯುವ ಅಂಕಿಯನ್ನೂ ನಂಬಬೇಡಿ. ಅದು ಯಾವ ವೇಗವನ್ನೂ ಅಳೆಯುವುದಿಲ್ಲ. ಅದರ ಹಿಂಬದಿಯ ಜಂಪರ್‌ಗಳನ್ನು (ಪಿನ್ನುಗಳನ್ನು ಕೂಡಿಸುವ ಪುಟ್ಟ ತುಂಡುಗಳು) ಹೇಗೆ ಸಿಕ್ಕಿಸಿದರೆ ಹಾಗೆ ತೋರಿಸುತ್ತದೆ. ಅಂಗಡಿಯವರು ಬೇಕಾದ್ದು ಬರೆಯಬಹುದಿತ್ತು, ಅಲ್ವಾ?

ಮಾರುವುದೇ ನಿಶ್ಚಯವಾದರೆ ಕ್ಯಾಬಿನೆಟ್ ಬಿಚ್ಚಿ, ಬ್ಯಾಟರಿ ಇದ್ದ ಜಾಗದ ಫೋಟೊ ಹತ್ತಿರದಿಂದ ತೆಗೆದು ಹಾಕಿ. ತಿಳಿದವರು ಮೊದಲು ಕೇಳುವುದೇ ಅದು. ಬೂಟ್ ಆಗುವಾಗ ರ್‍ಯಾಮ್ ಎಣಿಸುವ ಪರದೆಯ ಒಂದು ವಿಡಿಯೊ ಇದ್ದರೆ ‘ಟೆಸ್ಟ್ ಮಾಡಿಲ್ಲ’ ಅಂತ ಬರೆದು ಮಾರುವವರಿಗಿಂತ ಜಾಸ್ತಿಯೇ ಸಿಗುತ್ತದೆ. ಮಾನಿಟರ್ ಮಾತ್ರ ಕೊರಿಯರಿಗೆ ಕೊಡಬೇಡಿ, ಕೊಳ್ಳುವವರೇ ಬಂದು ಒಯ್ಯಲಿ.