ಸ್ಟಾರ್ಟ್ ಬಟನ್ ಎಡಕ್ಕೆ ಬರಲು ಫಾರ್ಮ್ಯಾಟ್ ಬೇಕಿಲ್ಲ

ಪ್ರಶ್ನೆ: ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಸ್ಟಾರ್ಟ್ ಬಟನ್ ಎಡಮೂಲೆಯಲ್ಲಿರದೆ ನಡುವೆ ಬಂದಿದೆ, ಮೆನು ಕೂಡ ಬೇರೆಯಾಗಿ ಕಾಣುತ್ತದೆ. ಮೊದಲಿನಂತಾಗಲು ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 10 ಹಾಕಿಸಬೇಕೇ ಸರ್? (ಸೇಡಂನ ಓದುಗರೊಬ್ಬರು)

ಉತ್ತರ: ಬೇಡ. ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಪ್ರತಿ ಹೊಸ ತಂಡದಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ, ಪ್ರತಿ ಸಲವೂ ಇದೇ ಉತ್ತರ ಕೊಡುತ್ತೇನೆ. ಪರದೆಯ ಕೆಳಗಿನ ಪಟ್ಟಿಯಾದ ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂಬುದರೊಳಗೆ ಅಲೈನ್‌ಮೆಂಟ್ ಅನ್ನು ಲೆಫ್ಟ್ ಎಂದು ಆರಿಸಿದರೆ ಬಟನ್ ಆ ಕ್ಷಣವೇ ಎಡಮೂಲೆಗೆ ಬರುತ್ತದೆ. ರಿಸ್ಟಾರ್ಟ್ ಕೂಡ ಬೇಕಿಲ್ಲ.

ಇಷ್ಟು ಹೇಳಿದರೂ 'ಅಂಗಡಿಯವರು ಫಾರ್ಮ್ಯಾಟ್ ಅಂದಿದ್ದಾರೆ' ಎಂಬ ಮಾತು ಬಂದೇ ಬರುತ್ತದೆ. ಈ ನಂಬಿಕೆ ಎಲ್ಲಿಂದ ಹುಟ್ಟಿತೆಂಬುದು ನನಗೆ ಅರ್ಥವಾಗುತ್ತದೆ. 1995ರಲ್ಲಿ ವಿಂಡೋಸ್ 95ರ ಜೊತೆಗೆ ಬಂದ ಈ ಬಟನ್, 2001ರ ಎಕ್ಸ್‌ಪಿಯಲ್ಲಿ ಹಸಿರಾಯಿತು, ವಿಸ್ತಾದಲ್ಲಿ ಗುಂಡಗಾಯಿತು, 2012ರ ವಿಂಡೋಸ್ 8ರಲ್ಲಿ ಕಾಣೆಯಾಗಿ ಮರುವರ್ಷ 8.1ರಲ್ಲಿ ಮರಳಿತು, 2021ರ ವಿಂಡೋಸ್ 11ರಲ್ಲಿ ನಡುವಿಗೆ ಸರಿಯಿತು. ಪ್ರತಿ ಆವೃತ್ತಿಯೂ ಹೊಸ ಮುಖ ಹೊತ್ತು ಬಂದಿದ್ದರಿಂದ, ಮುಖ ಬದಲಾಗಬೇಕಾದರೆ ಆವೃತ್ತಿಯೇ ಬದಲಾಗಬೇಕು ಎಂದು ಜನ ತಿಳಿದಿದ್ದಾರೆ. ಆದರೆ ತಲಬಾಗಿಲನ್ನು ಎಡಕ್ಕೆ ಸರಿಸಿದ ಮಾತ್ರಕ್ಕೆ ಮನೆಯೊಳಗಿನ ಶಹಾಬಾದಿ ಪರಸಿಯನ್ನು (ನೆಲಕ್ಕೆ ಹಾಸಿದ ಕಲ್ಲನ್ನು) ಯಾರೂ ಕಿತ್ತು ಹಾಕುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಕಾಣುವ ಹೆಸರುಗಳಲ್ಲಿ ಬಹುಪಾಲು ಬರಿಯ ಶಾರ್ಟ್‌ಕಟ್‌ಗಳು, ನಿಜವಾದ ಪ್ರೋಗ್ರಾಂಗಳು ಇರುವುದು ಬೇರೆ ಕಡೆ. ಒಂದು ಹೆಸರನ್ನು ಅನ್‌ಪಿನ್ ಮಾಡಿದರೆ, ಅಂದರೆ ಮೆನುವಿನಿಂದ ತೆಗೆದರೆ, ಪ್ರೋಗ್ರಾಂ ಅಳಿಯುವುದಿಲ್ಲ, ಬಟನ್ ಸರಿಸಿದರೆ ವಿಂಡೋಸ್ ಬದಲಾಗುವುದಿಲ್ಲ.

ಫಾರ್ಮ್ಯಾಟ್‌ನಿಂದ ಆಗುವ ನಷ್ಟ ಮಾತ್ರ ನಿಜವಾದದ್ದು. ನಮ್ಮ ತರಗತಿಗೆ ಜೇವರ್ಗಿ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬಟನ್ ಎಡಕ್ಕೆ ಬರಲೆಂದು ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡಿಸಿದಳು. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ತಿಂಗಳುಗಟ್ಟಲೆ ಟೈಪ್ ಮಾಡಿದ್ದ ಅವಳ ಪ್ರಬಂಧ ಡೆಸ್ಕ್‌ಟಾಪ್ ಮೇಲಿತ್ತು, ಅದು ಅಳಿಸಿಹೋಯಿತು. ಡೆಸ್ಕ್‌ಟಾಪ್ ಸಾಮಾನ್ಯವಾಗಿ, ಫಾರ್ಮ್ಯಾಟ್ ಮಾಡಿದಾಗ ಅಳಿಸಿಹೋಗುವ ಸಿ ಡ್ರೈವ್‌ನ ಭಾಗವೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅದನ್ನು ಮೊದಲ ವಾರವೇ ಕಲಿಸದಿದ್ದುದಕ್ಕೆ ನನಗೆ ಇಂದಿಗೂ ಬೇಸರವಿದೆ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಟನ್‌ನ ಜಾಗಕ್ಕಾಗಿ ಅಲ್ಲಿಗೆ ಹಿಂದಿರುಗುವುದು ಸರಿಯಲ್ಲ.

ಮೆನುವಿನ ಬಣ್ಣ ಬದಲಿಸುವ ವಿಷಯ ಸಣ್ಣದು. ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್‌ನ ಕಲರ್ಸ್ ಪುಟದಲ್ಲಿ ಸ್ಟಾರ್ಟ್ ಮತ್ತು ಟಾಸ್ಕ್‌ಬಾರ್‌ಗೆ ಬಣ್ಣ ಕೊಡುವ ಆಯ್ಕೆ ಮಸುಕಾಗಿ ಕಂಡರೆ ನಿಮ್ಮ ಯಂತ್ರ ಲೈಟ್ ಮೋಡ್‌ನಲ್ಲಿದೆ ಎಂದರ್ಥ. ಡಾರ್ಕ್ ಮೋಡ್ ಆರಿಸಿದರೆ ಅದು ತೆರೆದುಕೊಳ್ಳುತ್ತದೆ. ಬಟನ್‌ನ ಚಿತ್ರವನ್ನೇ ಬದಲಿಸಲು ಸೆಟ್ಟಿಂಗ್ಸ್‌ನಲ್ಲಿ ದಾರಿಯಿಲ್ಲ. ವಿಂಡೋಸ್ 7ರಂತಹ ಮೆನು ಬೇಕೇಬೇಕು ಎನ್ನುವವರು ಓಪನ್ ಶೆಲ್ ಎಂಬ ಉಚಿತ ತಂತ್ರಾಂಶವನ್ನು, ಅದನ್ನು ರೂಪಿಸಿದವರ ಪುಟದಿಂದಲೇ ಇಳಿಸಿಕೊಳ್ಳಲಿ. ಅದು ಮೆನು ಮತ್ತು ಬಟನ್ ಎರಡರ ರೂಪವನ್ನೂ ಬದಲಿಸಬಲ್ಲದು, ಬೇಡವೆನಿಸಿದಾಗ ತೆಗೆದುಹಾಕಬಹುದು.

ಇಷ್ಟೆಲ್ಲ ಕೇಳುವವರು ಸ್ಟಾರ್ಟ್ ಮೆನು ಕನ್ನಡದಲ್ಲಿ ಬರುತ್ತದೆಯೇ ಎಂದು ಏಕೆ ಕೇಳುವುದಿಲ್ಲವೋ! ಬರುತ್ತದೆ. ಸೆಟ್ಟಿಂಗ್ಸ್‌ನ ಟೈಮ್ ಅಂಡ್ ಲ್ಯಾಂಗ್ವೇಜ್ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ, ಅದನ್ನೇ ಡಿಸ್‌ಪ್ಲೇ ಭಾಷೆಯನ್ನಾಗಿ ಆರಿಸಿ, ಒಮ್ಮೆ ಸೈನ್ ಔಟ್ ಮಾಡಿ ಒಳಬಂದರೆ ಸೆಟ್ಟಿಂಗ್ಸ್‌ನ ಬಹಳಷ್ಟು ಭಾಗ ಕನ್ನಡದಲ್ಲಿ ಕಾಣುತ್ತದೆ. ಆದರೆ ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬ ಆವೃತ್ತಿ ಇರುತ್ತದೆ, ಅದರಲ್ಲಿ ಭಾಷೆ ಬದಲಿಸಲು ನಿರ್ಬಂಧವಿದೆ. ಸಿಸ್ಟಮ್ ವಿಭಾಗದ ಅಬೌಟ್ ಪುಟದಲ್ಲಿ ನಿಮ್ಮ ಆವೃತ್ತಿಯ ಹೆಸರನ್ನು ಮೊದಲು ನೋಡಿಕೊಳ್ಳಿ.